ಬಿಸಿ ರೊಟ್ಟಿಯ ಮಾತು

“ನಾ ಹೋದಮ್ಯಾಲೆ ನಿಮ್ಮ ಮಾವಗ ಬಿಸಿ ರೊಟ್ಟಿ ತಪ್ಪಬಾರದು ನೋಡು ತಾರಾ. ತಂಗಳ ಹಾಕಬ್ಯಾಡ. ಕೈಮ್ಯಾಲೆ ಕೈ ಇಟ್ಟು ಹೇಳು.”

ಬಾಗಲಕೋಟೆಯ ಆಸ್ಪತ್ರೆಯ ಮಂಚದ ಮೇಲಿಂದ ನೀಲವ್ವ ಹೀಗೆ ಕೇಳಿದಾಗ ತಾರಾ ಆ ಮನೆಗೆ ಸೊಸೆಯಾಗಿ ಬಂದು ವರ್ಷವೂ ಆಗಿರಲಿಲ್ಲ. ಅತ್ತೆಯ ಕೈಯಲ್ಲಿ ಸಲಾಯಿನ್ ಸೂಜಿ ಇತ್ತು. ಎಲ್ಲಿ ಹಿಡಿದರೆ ನೋಯುತ್ತದೋ ಎಂದು ಬೆರಳ ತುದಿಗಳನ್ನಷ್ಟೇ ಹಿಡಿದು, “ಆತ್ರಿ ಅತ್ತಿ, ತಪ್ಪಸೂದಿಲ್ಲ” ಅಂದಿದ್ದಳು. ಸಾಯುವವರಿಗೆ ಇನ್ನೇನು ಹೇಳಲಾಗುತ್ತದೆ.

ಆ ಮಾತು ಈಗ, ಎಷ್ಟೋ ವರ್ಷಗಳ ಮೇಲೆ, ಸೂರತ್ತಿನ ಅಡಾಜಣ್‌ನಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನ ಅಡುಗೆಮನೆಯಲ್ಲಿ, ದಿನಾ ನಸುಕಿಗೆ ಅವಳ ಬಲಗೈ ಮಣಿಕಟ್ಟಿನೊಳಗೆ ಚುಚ್ಚುತ್ತಿತ್ತು. ಎಸರು ಕುದಿಸಿ ಹಿಟ್ಟಿಗೆ ಸುರಿದು, ಬಿಸಿ ಆರುವುದರೊಳಗೆ ನಾದಬೇಕು. ಊರಿಂದ ತರಿಸಿದ್ದ ಬಿಳಿಜೋಳ ಮುಗಿದು, ಇಲ್ಲಿಯದೇ ಜೋಳ ತಂದು ಬೀಸಿಸಿದ ಹಿಟ್ಟು ಅದು. ಜಿಗಿ ಇಲ್ಲ. ಬಡಿಯುವಾಗ ಅಂಚು ಸೀಳುತ್ತದೆ, ಎತ್ತಿ ಹಂಚಿಗೆ ಹಾಕುವಾಗ ಮುರಿಯುತ್ತದೆ, ಮತ್ತೆ ಮುದ್ದೆ ಮಾಡಿ ನಾದಬೇಕು.

ಹೆಬ್ಬೆರಳಿನ ಬುಡದ ನರ ಬಾತಿದೆ ಎಂದು ಡಾಕ್ಟರು ಕೈಗೆ ಪಟ್ಟಿ ಕೊಟ್ಟಿದ್ದರು. ನಾದುವುದು, ಬಡಿಯುವುದು, ಬಟ್ಟೆ ಹಿಂಡುವುದು ಎಲ್ಲ ಬಂದ್. ಇಲ್ಲದಿದ್ದರೆ ಕೊಯ್ಯಬೇಕಾಗುತ್ತದೆ ಅಂದಿದ್ದರು. ವಿಮಾ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ತಾರಾ ಆ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ನಸುಕಿಗೆ ಬಿಚ್ಚಿಟ್ಟು ರೊಟ್ಟಿ ಬಡಿಯುತ್ತಿದ್ದಳು.

ಗಂಡ ಪ್ರಮೋದನಿಗೆ ಹೇಳಿ ನೋಡಿದ್ದಳು. “ಅಪ್ಪಗ ನಾ ಹೆಂಗ ಹೇಳ್ಲಿ? ಮಾತ ಕೊಟ್ಟಾಕಿ ನೀನು. ಮೂರ ರೊಟ್ಟಿ ಅಲ್ಲೇನು, ಬಡದ ಒಗದಬಿಡು” ಅಂದಿದ್ದ. ರೊಟ್ಟಿಗೊಬ್ಬ ಹೆಂಗಸನ್ನು ಇಡೋಣ ಎಂದರೆ ಮಾವ ಗುಂಡಪ್ಪ ಕೋಲು ನೆಲಕ್ಕೆ ಕುಟ್ಟಿದ್ದರು. “ನಿಮ್ಮತ್ತಿ ಕೈ ಆದಮ್ಯಾಲೆ ನಿನ್ನ ಕೈ. ಕಂಡಕಂಡವರ ಕೈಲೆ ನಾ ತಿನ್ನಂಗಿಲ್ಲ.”

ಹೀಗಾಗಿ ದಿನವೂ ಅದೇ. ಮಧ್ಯಾಹ್ನ, ರಾತ್ರಿ ಎಲ್ಲರಿಗೂ ಅನ್ನ ಸಾರು, ಬೆಳಿಗ್ಗೆ ಮಾವನಿಗೆ ರೊಟ್ಟಿ. ಗುಂಡಪ್ಪನವರು ಸ್ನಾನ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವರು. ಬೆಣ್ಣೆ ಸವರಿದ ರೊಟ್ಟಿಗಳನ್ನು ವಸ್ತ್ರದಲ್ಲಿ ಕಟ್ಟಿಸಿಕೊಳ್ಳುವರು. “ಹೊಲದಾಗ ತಿಂದಂಗ, ಕೆಳಗ ಬಿಸಲಾಗ ಕುಂತು ತಿಂತೀನಿ” ಎಂದು ಲಿಫ್ಟಿಗೆ ಹೋಗುವರು. ಸರಿ, ಮುದುಕರಿಗೆ ಅಷ್ಟಾದರೂ ಊರಿನ ಗಾಳಿ ಸಿಗಲಿ ಎಂದು ತಾರಾಳೂ ಸುಮ್ಮನಿದ್ದಳು. ಆಮೇಲೆ ಮಗಳು ಅದಿತಿಯ ಡಬ್ಬಿ, ಪ್ರಮೋದನ ಡಬ್ಬಿ, ತನ್ನ ಡಬ್ಬಿ, ಸ್ಕೂಟಿ, ಕಚೇರಿ.

ಭಾನುವಾರ ಸಂತೆ ಮುಗಿಸಿ, ಹಸಿ ತೊಗರಿಕಾಯಿ ತುಂಬಿದ ಚೀಲವನ್ನು ಎಡಗೈಯಲ್ಲಿ ಹಿಡಿದು ಪಾರ್ಕಿಂಗ್ ದಾಟುತ್ತಿದ್ದಾಗ ಮೊದಲ ಮಹಡಿಯ ಭಾನುಬೆನ್ ತಡೆದು ನಿಲ್ಲಿಸಿದಳು.

“ಅರೇ ತಾರಾಬೆನ್, ಊಭಾ ರಹೋ! ಎಷ್ಟು ದಿನದಿಂದ ಹೇಳಬೇಕು ಅಂತಿದ್ದೆ.” ಗುಜರಾತಿ ಬೆರೆತ ಹಿಂದಿಯಲ್ಲಿ ಅವಳ ಮಾತು ಹೊಳೆಯ ಹಾಗೆ. “ಈ ಸೊಸೈಟಿಯಲ್ಲಿ ನಿಮ್ಮಷ್ಟು ಪುಣ್ಯ ಯಾರೂ ಕಟ್ಟಿಕೊಂಡಿಲ್ಲ. ನಾವೆಲ್ಲ ಕೊನೆಗೆ ಉಳಿದ ರೋಟ್ಲಿ ನಾಯಿಗೆ ಹಾಕುವವರು. ನೀವು ನಸುಕಿಗೆ ಎದ್ದು ಬಿಸಿಬಿಸಿ ರೋಟ್ಲಾ, ಮೇಲೆ ಬೆಣ್ಣೆ! ನೋಡಿ, ಮರಿ ಹಾಕಿದವಳು ಹೇಗೆ ಮಿಂಚುತ್ತಿದ್ದಾಳೆ.”

ಪಂಪಿನ ಕೋಣೆಯ ಹಿಂದೆ ಗೋಣಿಚೀಲದ ಮೇಲೆ ಕಂದು ನಾಯಿಯೊಂದು ಮಲಗಿತ್ತು. ಮರಿಗಳು ಹೊಟ್ಟೆಗೆ ಅಂಟಿಕೊಂಡಿದ್ದವು.

“ಯಾವ ರೋಟ್ಲಾ, ಭಾನುಬೆನ್?”

“ನನ್ನ ಹತ್ತಿರ ಏನು ಮುಚ್ಚುಮರೆ? ನಿಮ್ಮ ಮಾವ, ದಾದಾ, ಎಲ್ಲ ಹೇಳಿದ್ದಾರೆ. ನಿಮ್ಮ ಅತ್ತೆಯ ಹರಕೆಯಂತಲ್ಲ. ದಿನಾ ನಾಯಿಗೆ ಬಿಸಿ ರೋಟ್ಲಾ ತಪ್ಪಬಾರದು ಅಂತ ಸಾಯುವಾಗ ಸೊಸೆಯಿಂದ ಮಾತು ತೆಗೆದುಕೊಂಡರಂತಲ್ಲ. ಕೇಳಿ ನನಗೆ ಕಣ್ಣೀರು ಬಂತು.”

ತಾರಾ ಚೀಲವನ್ನು ಕೆಳಗಿಟ್ಟಳು. “ಹಾಗಾದರೆ ದಾದಾ ಏನು ತಿನ್ನುತ್ತಾರೆ?”

“ನಮ್ಮ ಮನೆಯಲ್ಲಿ. ಖಿಚಡಿ, ಕಢಿ. ದವಡೆ ಹಲ್ಲು ಹೋದವರಿಗೆ ಇನ್ನೇನು ಬೇಕು ಹೇಳಿ? ಸಂಕೋಚ ಬೇಡ ತಾರಾಬೆನ್, ನಮ್ಮವರಿಗೂ ಒಂದು ಜೊತೆಯಾಯಿತು.”

ನಾಯಿ ಮಗ್ಗುಲು ಬದಲಿಸಿತು. ಅದರ ಮುಂಗಾಲಿನ ಕೆಳಗೆ ಅರ್ಧ ರೊಟ್ಟಿ ಬಿದ್ದಿತ್ತು. ಬಡಿಯುವಾಗ ಮೂಡಿದ ಬೆರಳಿನ ಗುರುತುಗಳು ಅದರ ಮೇಲೆ ಸ್ಪಷ್ಟವಾಗಿದ್ದವು.

ಮೇಲೆ ಹೋದಾಗ ಗುಂಡಪ್ಪನವರು ಹಾಸಿದ ಪೇಪರಿನ ಮುಂದೆ ಅದಿತಿಯೊಡನೆ ಕೂತು, “ತೊಗರಿಕಾಯಿ ತಂದಿ? ಕೊಡು, ಬಿಡಸ್ತೀವಿ” ಎಂದು ಕೈ ಚಾಚಿದರು. ತಾರಾ ಚೀಲವನ್ನು ಅವರ ಮುಂದೆ ಇಟ್ಟು ಅಡುಗೆಮನೆಗೆ ಹೋದಳು. ನೀರಿಟ್ಟಳು. ಕೈಪಟ್ಟಿ ಬಿಚ್ಚಿ ಕಿಟಕಿಯ ಕಟ್ಟೆಗೆ ಎಸೆದಳು.

ಬಡಿಯುವ ಸದ್ದು ಹೊರಗೆ ಕೇಳಿತು. “ಈ ಹೊತ್ತಿನ್ಯಾಗ ಯಾರಿಗೆ ಯವ್ವಾ ರೊಟ್ಟಿ?”

“ನಿಮಗ.”

“ನನಗೀಗ ಹಸಿವಿಲ್ಲ.”

“ಹೆಂಗಿರ್ತೈತ್ರಿ ಮಾವಾರ. ಖಿಚಡಿ ಉಂಡ ಬಂದೀರಿ.”

ತೊಗರಿಕಾಯಿ ಬಿಡಿಸುವ ಸದ್ದು ನಿಂತಿತು. ತಾರಾ ತಾಟಿನಲ್ಲಿ ಉಬ್ಬಿದ ರೊಟ್ಟಿ ತಂದು ಅವರ ಮುಂದೆ ಇಟ್ಟಳು. ಹಬೆ ಇನ್ನೂ ಹೊರಡುತ್ತಿತ್ತು.

“ತಿನ್ರಿ. ನನ್ನ ಮುಂದ ತಿನ್ರಿ.”

ಗುಂಡಪ್ಪನವರು ಸೊಸೆಯ ಮುಖ ನೋಡಲಿಲ್ಲ. ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು. ಅದು ಎಡಗೆನ್ನೆಯಲ್ಲಿ ಉಬ್ಬಿತು, ಬಲಗೆನ್ನೆಗೆ ಹೋಯಿತು, ಮತ್ತೆ ಎಡಕ್ಕೆ ಬಂತು. ಅವರು ಮುಂದಿನ ಎರಡು ಹಲ್ಲುಗಳಿಂದ ಕಡಿಯಲು ನೋಡಿದರು. ಕಣ್ಣಲ್ಲಿ ನೀರಾಡಿತು, ನುಂಗಿದರು. ಗಂಟಲಲ್ಲಿ ಸಿಕ್ಕಿತು. ಕೆಮ್ಮಿದರು. ಇನ್ನೊಂದು ತುಂಡಿಗೆ ಕೈ ಹಾಕಿದರು.

“ಮಮ್ಮಿ, ಬಸ್ ಕರೋ ನೆ, ಸಾಕು!” ಅದಿತಿ ಎದ್ದು ನಿಂತಳು. “ಅಜ್ಜಗೆ ಹಲ್ಲಿಲ್ಲ. ಸಬ್ಕೋ ಪತಾ ಹೈ!”

“ಸಬ್ಕೋ?” ಅಂದಳು ತಾರಾ. “ನಾಯಿಗೆ ಸೈತ ಗೊತ್ತೈತಿ. ನನಗೊಬ್ಬಾಕಿಗೆ ಗೊತ್ತಿಲ್ಲ.” ತಾಟನ್ನು ಕಸಿದು ಪಕ್ಕಕ್ಕೆ ಇಟ್ಟು, ಬಲಗೈಯನ್ನು ಮಾವನ ಮುಂದೆ ಚಾಚಿದಳು. ಮಣಿಕಟ್ಟು ಊದಿಕೊಂಡಿತ್ತು. “ಇದನ್ನ ನೋಡ್ರಿ. ನಾ ಕುನ್ನಿಗೆ ಬಡೀತಿದ್ನೇನ್ರಿ ಇಷ್ಟ ದಿನ?”

“ಬಾಣಂತಿ ಅದು. ಬಾಳ ರುಚಿ ಮಾಡಿ ತಿಂತೈತಿ, ಪಾಪ.”

“ಮಾವಾರ!”

ಗುಂಡಪ್ಪನವರು ಒಂದು ಕಾಯಿ ಎತ್ತಿ ಸುಲಿದರು. ಕಾಳು ಕೈಯಲ್ಲೇ ಉಳಿಯಿತು.

“ಹೇಳಾಕ ಏನಾಗಿತ್ರಿ? ನುಚ್ಚು ಮಾಡಿ ಮಜ್ಜಗಿ ಹಾಕಿ ಕೊಡತಿದ್ನಿ. ಕೈ ಸವೀತಿರಲಿಲ್ಲ. ಕಂಡಕಂಡವರ ಕೈಲೆ ತಿನ್ನಂಗಿಲ್ಲ ಅಂದವರು ನೀವ. ಭಾನುಬೆನ್ ಕೈ ಹೆಂಗ ನಡೀತ್ರಿ?”

“ನುಚ್ಚು ಜಡ್ಡಿನವರ ಕೂಳು.” ಮುದುಕರ ದನಿ ಏರಿತು. “ನಿಮ್ಮತ್ತಿಗೆ ಕಡೀಕ ಕಡೀಕ ನುಚ್ಚ ಹಾಕಿದ್ವಿ. ನುಚ್ಚ ಹಾಕಾಕ ಹತ್ತಿದ ದಿನ ಆಕಿ ಏನಂದ್ಲು ಗೊತ್ತೇನು? ‘ಆತು ಬಿಡ್ರಿ, ಇನ್ನ ನಂದು ಮುಗೀತು’ ಅಂದ್ಲು. ನಾ ನುಚ್ಚ ಕೇಳ್ಲ್ಯಾ?”

“ಖಿಚಡಿ ಏನ್ರಿ ಮತ್ತ? ಅದೂ ಮೆತ್ತಂದ ಅಲ್ಲೇನು?”

“ಅಲ್ಲಿ ಎಲ್ಲಾರ ತಾಟಿನ್ಯಾಗೂ ಅದ ಇರ್ತೈತಿ” ಅಂದರು ಗುಂಡಪ್ಪ. ಕೋಲು ಹುಡುಕಿ ಎದ್ದು ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ಸಂಜೆ ಪ್ರಮೋದ ಬಂದವನು ಕಥೆ ಕೇಳಿ ನಕ್ಕೇಬಿಟ್ಟ. “ಭಲೇ ಅಪ್ಪಾ! ಹರಕೀ ಅಂದಾನೇನು?” ತಾರಾ ಅವನ ಚಹದ ಕಪ್ಪನ್ನು ಕುಡಿಯುವ ಮೊದಲೇ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದಳು. ಅಷ್ಟಕ್ಕೆ ನಗು ನಿಂತಿತು. ಅವಳಿಗೆ ಸಿಟ್ಟು ಯಾರ ಮೇಲೆ ಎಂಬುದೇ ತಿಳಿಯುತ್ತಿರಲಿಲ್ಲ. ಸುಳ್ಳು ಹೇಳಿದ ಮುದುಕರ ಮೇಲೋ, ಬಡಿದು ಒಗೆ ಅಂದವನ ಮೇಲೋ, ಮಂಚದ ಮೇಲಿಂದ ಕೈ ಚಾಚಿ ಮಾತು ಪಡೆದು ಆರಾಮಾಗಿ ಹೋದವಳ ಮೇಲೋ. ಮನೆಯಲ್ಲಿ ಎಲ್ಲರಿಗೂ ಮರ್ಯಾದೆ ಇತ್ತು. ಅದನ್ನು ಕಾಯುವ ಕೈ ಮಾತ್ರ ಒಂದೇ ಇತ್ತು.

ಬೀಸಲು ಒಯ್ಯಬೇಕೆಂದು ಇಟ್ಟಿದ್ದ ಜೋಳವನ್ನು ಚೀಲದಿಂದ ಎತ್ತಿ, ಎಡಗೈಯಲ್ಲೇ ಕೇರಿ ಕಲ್ಲು ಆರಿಸಿದಳು. ಮಿಕ್ಸಿಗೆ ಹಾಕಿ ಒಂದೆರಡು ಸುತ್ತು ಒಡೆಸಿ, ತೊಳೆದು ನೆನೆಹಾಕಿದಳು. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಾಯಿತು. ಹಾಗೇ ಬಿಟ್ಟಳು.

ಸೋಮವಾರ ಗುಂಡಪ್ಪನವರು ಸ್ನಾನ ಮುಗಿಸಿ, ವಸ್ತ್ರ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಹಂಚು ಒಲೆಯ ಮೇಲಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಏನೋ ಕೊತಕೊತ ಕುದಿಯುತ್ತಿತ್ತು. ಸೊಸೆಯ ಕೈಗೆ ಪಟ್ಟಿ ಇತ್ತು.

“ಇವತ್ತ ರೊಟ್ಟಿ ಇಲ್ರಿ” ಅಂದಳು ತಾರಾ, ತಿರುಗದೆಯೇ.

ಅವರು ಕೈಯಲ್ಲಿದ್ದ ವಸ್ತ್ರ ನೋಡಿಕೊಂಡರು. “ಕುನ್ನಿಗೆ?”

“ಕುನ್ನಿಗೂ ಇಲ್ಲ.”

ನಾಲ್ಕು ತಾಟು ಟೇಬಲ್ಲಿಗೆ ಬಂದವು. ನಾಲ್ಕರಲ್ಲೂ ನುಚ್ಚು, ಮೇಲೆ ಮಜ್ಜಿಗೆ, ಪಕ್ಕದಲ್ಲಿ ಉಪ್ಪಿನಕಾಯಿ. ಅದಿತಿ ಚಮಚದಿಂದ ಕೆದಕಿ ಮೂಗು ಮುರಿದಳು. ಕಂಪನಿಯ ಬಸ್ಸಿಗೆ ಹೊರಟು ನಿಂತಿದ್ದ ಪ್ರಮೋದ ತಾಟು ನೋಡಿ ಗಾಬರಿಯಾದ.

“ಯಾಕ, ಯಾರಿಗೆ ಆರಾಮಿಲ್ಲ?”

“ಎಲ್ಲಾರೂ ಆರಾಮ ಅದೀವಿ. ಕುಂತ ತಿನ್ರಿ” ಅಂದಳು ತಾರಾ. ತನ್ನ ತಾಟನ್ನು ಎಳೆದುಕೊಂಡು ಎಡಗೈಯಲ್ಲಿ ಚಮಚ ಹಿಡಿದು ಮೊದಲು ತಾನೇ ತಿನ್ನತೊಡಗಿದಳು. ತಿನ್ನುವಾಗಲೂ ಹುಬ್ಬು ಗಂಟಿಕ್ಕಿಯೇ ಇತ್ತು.

ಗುಂಡಪ್ಪನವರು ಒಬ್ಬೊಬ್ಬರ ತಾಟನ್ನೂ ನೋಡಿದರು. ಮೊಮ್ಮಗಳದು, ಮಗನದು, ಸೊಸೆಯದು. ವಸ್ತ್ರವನ್ನು ಮಡಿಚಿ ಹೆಗಲ ಮೇಲೆ ಹಾಕಿಕೊಂಡು ಕೂತರು. ಒಂದು ತುತ್ತು ಬಾಯಿಗಿಟ್ಟು, “ಉಪ್ಪ ಕಡಿಮಿ ಆಗೇತಿ” ಅಂದರು.

“ಹಾಕ್ಕೊಳ್ರಿ” ಎಂದು ತಾರಾ ಉಪ್ಪಿನ ಡಬ್ಬಿಯನ್ನು ಅವರತ್ತ ನೂಕಿದಳು.

ಅತ್ತೆಗೆ ಕೊಟ್ಟಿದ್ದ ಮಾತನ್ನು ಅವಳು ಅಂದು ಮುರಿದಳು.