ಮೀಸಲು ಕಟ್ಟಿದ ನಾಲ್ಕು ಗಿಡ

ಬೆಳಗ್ಗೆ ಆರೂವರೆ. ಹಿತ್ತಲಿನ ಪಡುವಣ ಗೋಡೆಯ ಬುಡದಲ್ಲಿದ್ದ ಆರು ಟೊಮೆಟೊ ಗಿಡಗಳಲ್ಲಿ ಎರಡು ಬೇರುಸಮೇತ ಕಿತ್ತು ಬಿದ್ದಿದ್ದವು. ಮೂರನೆಯದರ ಕಾಂಡಕ್ಕೆ ಆಳು ಪುಟ್ಟಮಾದಯ್ಯ ಕೈ ಹಾಕಿದ್ದ.

"ಪುಟ್ಟಮಾದಣ್ಣ, ಕೈ ತಗಿ," ಎಂದಳು ಕೋಮಲ. ಹಲ್ಲುಜ್ಜುತ್ತಿದ್ದವಳು ಬಾಯಿ ಕೂಡ ಮುಕ್ಕಳಿಸದೆ ಓಡಿಬಂದಿದ್ದಳು.

"ನಾನೇನ್ ಮಾಡನೆ ತಾಯಿ, ಅಂಗ್ಡಿ ಬುದ್ದಿಯೋರು ಯೋಳವ್ರೆ. ಗ್ವಾಡೆ ತಾವಿರ ಆರ್ ಗಿಡವ ಕಿತ್ತಾಕ್ಬುಟ್ಟು ಆಮೇಲ್ ಟೀ ಕುಡಿ ಅಂದ್ರು."

"ಎರಡ್ ಕಿತ್ತಾಯ್ತಲ್ಲ, ಓಗಿ ಟೀ ಕುಡಿ. ಇನ್ನೊಂದ್ ಮುಟ್ಟುದ್ರೆ ಕುಡ್ಗೋಲ್ ತಕಂಡ್ ಬತ್ತೀನಿ."

ಪುಟ್ಟಮಾದಯ್ಯ ಅವಳ ಮುಖ ನೋಡಿದ. "ಬ್ಯಾಡ ಕನವ್ವ, ಟೀನೇ ಕುಡೀತೀನಿ," ಎಂದು ಕೈ ಒರೆಸಿಕೊಂಡು ಹೋದ.

ಅದು ೧೯೯೭ರ ಜನವರಿ, ಸಂಕ್ರಾಂತಿಗೆ ಐದು ದಿನ ಬಾಕಿ. ಊರು ಯಳಂದೂರು. ಅಂಗಡಿ ಬುದ್ದಿಯೋರು ಎಂದರೆ ಕೋಮಲಳ ಗಂಡನ ಅಣ್ಣ ಮಹದೇವಪ್ರಸಾದ್. ಬಸ್ ನಿಲ್ದಾಣದ ಹತ್ತಿರ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ಗಂಡ ಶಿವಶಂಕರ ಹನೂರಿನಲ್ಲಿ ಲೈನ್‌ಮನ್. ಶನಿವಾರ ಸಂಜೆ ಬಂದು ಸೋಮವಾರದ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದ. ಮನೆ, ಹಿತ್ತಲು ಎರಡೂ ಅಣ್ಣತಮ್ಮಂದಿರಿಗೆ ಒಟ್ಟಿನವು. ಮಾತು ಮಾತ್ರ ಅಣ್ಣನದು.

ಆ ವರ್ಷ ಒಂದು ಬೀಜದ ಕಂಪನಿ ಪ್ರಸಾದನಿಗೆ ಹೈಬ್ರಿಡ್ ಟೊಮೆಟೊ ಬೀಜ ಕೊಟ್ಟು, ಬೆಳೆದು ರೈತರಿಗೆ ತೋರಿಸಲು ಹೇಳಿತ್ತು. ಇಪ್ಪತ್ತೆರಡು ಅಡಿ ಅಗಲದ ಹಿತ್ತಲಿನಲ್ಲಿ ನಾಲ್ಕು ಸಾಲು ಮಾಡಿ ನಲವತ್ತೆಂಟು ಗಿಡ ನೆಡಿಸಿದ್ದ. ಇಪ್ಪತ್ತನೇ ತಾರೀಖು ಸೋಮವಾರ ಕಂಪನಿಯ ಆಫೀಸರು ಬರುವುದು, ರೈತರನ್ನು ನಿಲ್ಲಿಸಿ ಫೋಟೊ ತೆಗೆಸುವುದು ಎಂದು ಗೊತ್ತಾಗಿತ್ತು. ಆ ಫೋಟೊದಲ್ಲಿ ಕೋಮಲಳ ಗಿಡ ಬರಕೂಡದು.

ಅವಳ ಬೀಜ ತವರೂರು ಮಾರ್ಟಳ್ಳಿಯದು. ಅಲ್ಲಿ ಟೊಮೆಟೊಗೆ ತಕ್ಕಾಳಿ ಎನ್ನುತ್ತಾರೆ. ಮದುವೆಯಲ್ಲಿ ಅವ್ವ ಮಡಿಲಕ್ಕಿಯ ಜೊತೆ, ಬೂದಿಯಲ್ಲಿ ಉಜ್ಜಿ ಒಣಗಿಸಿದ ಬೀಜದ ಒಂದು ಗಂಟನ್ನೂ ಇಟ್ಟಿದ್ದಳು. ಚಪ್ಪಟೆಯಾದ, ಮಡಿಕೆ ಮಡಿಕೆಯಾದ ಹಣ್ಣು. ತೊಟ್ಟಿನ ಸುತ್ತ ಕೊನೆಯವರೆಗೂ ಹಸಿರು. ಒಂದು ಹಣ್ಣು ಹಿಂಡಿದರೆ ಹುಣಸೆ ಬೇಡ. ಒಂಬತ್ತು ವರ್ಷ ಅವಳು ಅದನ್ನು ತಪ್ಪದೆ ಬೆಳೆದಿದ್ದಳು. ಅವ್ವ ಈಗ ಇಲ್ಲ. ತವರಿನ ಹಿತ್ತಲಿಗೆ ತಮ್ಮ ಸಿಮೆಂಟು ಹಾಕಿಸಿದ್ದಾನೆ. ಈ ಮನೆಯ ಬೀಜದ ಗಂಟಿಗೆ ಮಳೆಗಾಲದಲ್ಲಿ ಇಲಿ ಬಾಯಿ ಹಾಕಿತ್ತು. ಉಳಿದದ್ದು ಮೂವತ್ತೊಂದು ಬೀಜ. ಮೊಳೆತದ್ದು ಹದಿನೇಳು. ಐದು ಸಸಿ ಬುಡ ಕೊಳೆತು ಬಿದ್ದವು.

ಮಿಕ್ಕ ಹನ್ನೆರಡರಲ್ಲಿ ಆರನ್ನು ಅವಳು ಅವ್ವ ಕಲಿಸಿದಂತೆ ಆರಿಸಿದ್ದಳು. ಎತ್ತರದವನ್ನು ಬಿಟ್ಟಳು. ಬುಡ ಪೆನ್ಸಿಲ್ ದಪ್ಪ ಇರಬೇಕು, ನೇರಳೆ ಬಣ್ಣಕ್ಕೆ ತಿರುಗಿರಬೇಕು, ಎಲೆಗೂ ಎಲೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ನಾಟಿ ಮಾಡುವಾಗ ಮೊದಲ ಎಲೆಗಳವರೆಗೂ ಮಣ್ಣಿನಲ್ಲಿ ಹೂತಳು. ಹೂತ ಕಾಂಡವೂ ಬೇರು ಬಿಡುತ್ತದೆ. ಉಳಿದ ಆರನ್ನು ಪಕ್ಕದ ಮನೆಗೆ ಕೊಟ್ಟಳು. ಅವನ್ನು ಆಡು ತಿಂದಿತು.

ಹೀಗಾಗಿ ಆ ಬೀಜ ಈಗ ಇದ್ದದ್ದು ಈ ಗೋಡೆಯ ಬುಡದಲ್ಲಿ ಮಾತ್ರ. ಕಿತ್ತ ಗಿಡದ ಕಾಯಿಯೊಂದನ್ನು ಅವಳು ಈಳಿಗೆಗೆ ಕೊಟ್ಟು ನೋಡಿದಳು. ಒಳಗೆ ಬೀಜ ಬೆಳ್ಳಗೆ ಎಳಸಾಗಿತ್ತು, ಲೋಳೆ ಕಟ್ಟಿರಲಿಲ್ಲ. ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದರೂ ಮೊಳೆಯುವಂಥದ್ದಲ್ಲ. ಗಿಡದಲ್ಲೇ ಹಣ್ಣಾಗಲು ಇನ್ನೂ ಮೂರು ವಾರ ಬೇಕಿತ್ತು.

ಎಂಟು ಗಂಟೆಗೆ ಪ್ರಸಾದ್ ತಿಂಡಿಗೆ ಕುಳಿತಾಗ ಅವಳು ನೇರ ಕೇಳಿದಳು. "ಬಾವ, ನನ್ ಗಿಡ ಯಾಕ್ ಕೀಳ್ಸುದ್ರಿ?"

"ಎಲೆ ಮುದುರು ರೋಗ ನಾಟಿ ಗಿಡದಿಂದ್ಲೇ ಬರದು ಅಂತ ಆಫೀಸರು ಏಳವ್ರೆ."

"ಯಾವ ಎಲೆ ಮುದುರ್ಕಂಡದೆ, ಬಂದ್ ತೋರ್ಸಿ."

"ಬಂದ್ಮೇಲ್ ತೋರ್ಸಕ್ಕಾಯ್ತದಾ? ಒಂದ್ ಗಿಡದಲ್ಲಿ ಎಷ್ಟ್ ಕಾಯಿ ಅವೆ ಅಂತಾದ್ರೂ ಎಣ್ಸಿದ್ದೀಯಾ ನೀನು?"

"ಎಣ್ಸಿವ್ನಿ. ನಿಮ್ದು ಮೂವತ್ನಾಕು, ನಂದು ಅತ್ತೊಂಬತ್ತು. ನಿಮ್ದು ಎಂಟ್ ದಿನ ಇಟ್ರೂ ಕೆಡಲ್ಲ, ನಂದು ಮೂರ್ ದಿನಕ್ಕೆ ಒಡೀತದೆ. ನಿಮ್ದೇ ಮೇಲು ಅಂತ್ಲೇ ಇಟ್ಕಳಿ. ಅದ್ಕೆ ನಂದ್ ಯಾಕ್ ಕೀಳ್ಬೇಕು?"

ಪ್ರಸಾದ್ ಕೊನೆಯ ತುತ್ತು ಬಾಯಿಗಿಟ್ಟುಕೊಂಡ. "ನಿಮ್ಮೂರ್ ತಕ್ಕಾಳಿ ಹುಚ್ಚು ಬುಡು. ಬೇಕಾದಷ್ಟ್ ಬೀಜ ಅಂಗ್ಡೀಲದೆ, ಕೊಡ್ತೀನಿ."

"ಆ ಬೀಜವ ನಾನ್ ಎತ್ತಿಟ್ಕಂಡ್ರೆ ಮುಂದ್ಲೊರ್ಸ ಅದೇ ಗಿಡ ಬತ್ತದಾ?"

"ಬರಲ್ಲ. ವರ್ಸ ವರ್ಸ ಕೊಂಡ್ಕಬೇಕು."

"ನಂಗೆ ಬ್ಯಾಡ."

"ನಾಳೆ ಬೆಳಗ್ಗೆ ಆ ನಾಕೂ ಅಲ್ಲಿರಬಾರ್ದು," ಎಂದು ಪ್ರಸಾದ್ ತಟ್ಟೆಯಲ್ಲಿ ಕೈ ತೊಳೆದ.

ಮಧ್ಯಾಹ್ನ ಕೋಮಲ ಹಳೆಯ ಬಿಳಿ ಪಂಚೆಯ ಅಂಚು ಹರಿದು, ನಾಲ್ಕು ಚೂರು ಮಾಡಿ, ಅರಿಸಿನದ ನೀರಿನಲ್ಲಿ ಅದ್ದಿ ಒಂದೊಂದು ಗಿಡಕ್ಕೆ ಒಂದೊಂದು ಕಟ್ಟಿದಳು. ಆ ಸೀಮೆಯಲ್ಲಿ ಮೊದಲ ಹಾಲು, ಮೊದಲ ತೆನೆ, ಮೊದಲ ಹಣ್ಣನ್ನು ಬೆಟ್ಟದ ಮಾದಪ್ಪನಿಗೆ ಎತ್ತಿಡುವುದುಂಟು. ಅದು ಮೀಸಲು. ಅರಿಸಿನದ ಬಟ್ಟೆ ಕಟ್ಟಿದ್ದನ್ನು, ಒಪ್ಪಿಸುವ ತನಕ ಯಾರೂ ಮುಟ್ಟುವುದಿಲ್ಲ.

ಅತ್ತೆ ಚಿಕ್ಕಬಸಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. "ಟಮಾಟೆಗ್ ಮೀಸ್ಲು ಕಟ್ಟೋರ್ನ ನಾನ್ ಇವತ್ತೇ ನೋಡಿದ್ದು ಕನೆ."

"ಯಾಕತ್ತೆ, ಮಾದಪ್ಪ ಸಾರ್ ಉಣ್ಣಲ್ವಾ?"

ಚಿಕ್ಕಬಸಮ್ಮನಿಗೆ ನಗು ಬಂತು. ನಕ್ಕು ಮುಗಿಸಿ ಗಂಭೀರವಾದಳು. "ಕಟ್ಟುದ್ಮೇಲ್ ತೀರ್ಸ್ಬೇಕು ಕನೆ ಕೋಮ್ಲ. ತಮಾಸೆ ಅಲ್ಲ."

"ತೀರಿಸ್ತೀನಿ."

ಮರುದಿನ ಪುಟ್ಟಮಾದಯ್ಯ ಹಿತ್ತಲ ಬಾಗಿಲಿನಿಂದಲೇ ಹಿಂದಿರುಗಿದ. "ಬೇಕಾದ್ರೆ ಗೊಬ್ರದ್ ಮೂಟೆ ಒಬ್ನೇ ಇಳಿಸ್ಕೊಡ್ತೀನಿ ಬುದ್ದಿ. ಅದ್ನ ಮಾತ್ರ ಮುಟ್ಟಲ್ಲ." ಪ್ರಸಾದ್ ತಾಯಿಗೆ ಹೇಳಿದ: ಹಾಗಿದ್ದರೆ ಇವತ್ತೇ ನಾಲ್ಕು ಕಾಯಿ ಕಿತ್ತು ದೇವರ ಮುಂದಿಟ್ಟು ಮುಗಿಸಿ. ಚಿಕ್ಕಬಸಮ್ಮ ಒಪ್ಪಲಿಲ್ಲ. "ಅಣ್ಣು ಕೊಡ್ತೀನಿ ಅಂದು ಕಾಯಿ ಕೊಡ್ತಾರಾ? ನಿನ್ ಅಂಗ್ಡೀಲಿ ಅಂಗ್ ಮಾಡ್ತಿದ್ದೀಯೇನಪ್ಪ?"

ಇಪ್ಪತ್ತನೇ ತಾರೀಖು ಹನ್ನೊಂದು ಗಂಟೆಗೆ ಮೂವತ್ತೆರಡು ಮಂದಿ ರೈತರು ಹಿತ್ತಲಿನಲ್ಲಿದ್ದರು. ಹೈಬ್ರಿಡ್ ಗಿಡಗಳು ಕೋಲಿಗೆ ಕಟ್ಟಿಸಿಕೊಂಡು ಸೊಂಪಾಗಿ ನಿಂತಿದ್ದವು. ನೋಡಿದವರು ಹೊಗಳಿದರು, ಹೊಗಳಿಕೆ ಸುಳ್ಳಲ್ಲ. ಫೋಟೊ ತೆಗೆಯುವ ಹೊತ್ತಿಗೆ ಆಫೀಸರು ಗೋಡೆಯ ಕಡೆ ಬೆರಳು ಮಾಡಿ, "ಆ ಹಳದಿ ಬಟ್ಟೆ ಏನ್ರೀ? ತೆಗೆಸಿ," ಎಂದರು.

ಯಾರೂ ಅಲುಗಲಿಲ್ಲ. ಕೋಮಲ ಮಜ್ಜಿಗೆಯ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಪ್ರಸಾದನ ಮುಖ ಕೆಂಪಾಗಿತ್ತು.

"ಕೋಮಲ, ಎಲ್ರ ಮುಂದೆ ಏಳು. ಇದು ನಿಜ್ವಾಗ್ಲೂ ಅರಕೆನೋ, ಇಲ್ಲ ನನ್ ಮೇಲಿನ್ ಅಟಕ್ಕೆ ಕಟ್ಟಿದ್ದೋ?"

ಹರಕೆ ಎಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಕೋಮಲ ತಟ್ಟೆಯನ್ನು ಕಲ್ಲಿನ ಮೇಲಿಟ್ಟಳು.

"ಅಟಕ್ಕೇ ಕಟ್ದೆ ಬಾವ. ಗಿಡ ಉಳ್ಕಳ್ಳಿ ಅಂತ ಕಟ್ದೆ. ಅದು ಮಾದಪ್ಪಂಗೂ ಗೊತ್ತು. ಕಟ್ಟಾಯ್ತು, ಕೊಡ್ತೀನಿ ಅಂದಾಯ್ತು. ಇನ್ನ ಅದು ಅವನ್ದು. ಇಷ್ಟ್ ಜನ ಇದ್ದೀರಲ್ಲ, ಯಾರ್ ಬೇಕಾದ್ರೂ ಬಂದ್ ಬಿಚ್ಚಿ. ನೀವೇ ಬಿಚ್ಚಿ ಬಾವ."

ಮುಂದೆ ನಿಂತಿದ್ದ ಮುದುಕ ಕೆಂಪನಂಜಪ್ಪ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. "ಇವತ್ತು ಸ್ವಾಮ್ವಾರ, ಮಾದಪ್ಪನ್ ದಿನ ಕನಪ್ಪ ಪ್ರಸಾದು. ನಮ್ಮನ್ಯಾಕ್ ಸಿಗಾಕಿಸ್ತೀಯೆ?" ನಾಲ್ಕೈದು ಜನ ನಕ್ಕರು.

ಪ್ರಸಾದ್ ಗೋಡೆಯವರೆಗೆ ಹೋದ. ಬಗ್ಗಿ ಮೊದಲ ಗಂಟಿಗೆ ಕೈ ಇಟ್ಟ. ಚಿಕ್ಕಬಸಮ್ಮ ಒಳಗಿನಿಂದ ಬಾಗಿಲಿಗೆ ಬಂದು ಮಗನನ್ನು ನೋಡಿದಳು. "ಬುಚ್ಚು ಮಾದೇವ. ಆಮೇಲ್ ನನ್ ಕೈಲಿ ಅನ್ನ ಕೇಳ್ಬ್ಯಾಡ," ಎಂದಳು ಅಷ್ಟೆ.

ಅವನು ಬೆನ್ನು ನೆಟ್ಟಗೆ ಮಾಡಿದ. ಆಫೀಸರು ರೈತರನ್ನೆಲ್ಲ ಮೂಡಲ ಗೋಡೆಗೆ ಸರಿಸಿ, ಬಿಸಿಲಿಗೆ ಎದುರಾಗಿ ಫೋಟೊ ತೆಗೆಸಿದರು. ಕೋಮಲ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಪ್ರಸಾದ್ ತೆಗೆದುಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಅತ್ತೆ ಸೊಸೆ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ನಾಲ್ಕು ಹಣ್ಣು ಒಪ್ಪಿಸಿ ಬಂದರು. ಎರಡನೇ ಗೊಂಚಲಿನ ಹಣ್ಣುಗಳನ್ನು ಕೋಮಲ ಬೀಜಕ್ಕೆ ಬಿಟ್ಟಳು. ಮೊದಲು ಹೂ ಬಿಟ್ಟಿದ್ದ ಗಿಡದಿಂದ ಹೆಚ್ಚು, ಮಿಕ್ಕವುಗಳಿಂದ ಕಡಿಮೆ.

ಪ್ರಸಾದ್ ಅವಳೊಡನೆ ಮಾತು ಬಿಟ್ಟಿದ್ದ. ಒಂದು ಭಾನುವಾರ ತಮ್ಮನಿಗೆ ಹೇಳಿದ: ಮುಂದಿನ ವರ್ಷ ಈ ಹಿತ್ತಲಿನಲ್ಲಿ ಆ ಗಿಡ ಬೇಡ. ಶಿವಶಂಕರ ಅದನ್ನು ಹೆಂಡತಿಗೆ ತಿಳಿಸಿದ.

"ಅಂಗಾರೆ ಇತ್ಲ ಭಾಗ ಕೇಳಿ," ಎಂದಳು.

"ಟಮಾಟೆಗೋಸ್ಕರ ಅಣ್ಣನ ತಾವು ಭಾಗ ಕೇಳದಾ? ಜನ ಏನಂದಾರು?"

"ಟಮಾಟೆಗೋಸ್ಕರ ಅಂತ್ಲೇ ಏಳಿ. ನೀವ್ ಕೇಳ್ದಿದ್ರೆ ನಾನ್ ಕೇಳ್ತೀನಿ."

ಎರಡು ಶನಿವಾರ ಕಳೆದ ಮೇಲೆ ಅವನು ಕೇಳಿದ. ಜೂನ್ ಎರಡನೇ ವಾರ ಹಿರಿಯರು ಬಂದು ಹಗ್ಗ ಹಿಡಿದು ಅಳೆದು, ಹಿತ್ತಲಿನ ನಡುವೆ ಮೂರು ಕಲ್ಲು ನೆಟ್ಟರು. ಪಡುವಣ ಕಡೆಯ ಹನ್ನೊಂದು ಅಡಿ ಶಿವಶಂಕರನ ಪಾಲಿಗೆ ಬಂತು. ಆ ಮಳೆಗಾಲ ಕೋಮಲ ಅಲ್ಲಿ ಇಪ್ಪತ್ತಾರು ಸಸಿ ನೆಟ್ಟಳು.