ಕೊನೆಯ ಶಾಟಿನ ಉಸಿರು

ತೆರೆಯ ಮೇಲೆ ತಮ್ಮ ಸಾಯುವುದು ಅದೇ ಮೊದಲು. ಗಾಜು ಒಡೆದು, ಲಾರಿಯಿಂದ ಲಾರಿಗೆ ಹಾರಿ, ಪುಂಡರ ಹಲ್ಲು ಉದುರಿಸಿ ಹೆಸರು ಮಾಡಿದವನು ಈ ಚಿತ್ರದ ಕೊನೆಯಲ್ಲಿ ಗುಂಡೇಟು ತಿಂದು ಅಂಗಾತ ಮಲಗಬೇಕಿತ್ತು. ಮಲಗಿದ. ಆದರೆ ಸುಮ್ಮನೆ ಬಿದ್ದಿರುವುದು ಅವನ ಜಾಯಮಾನವೇ? ಪ್ರತಿ ಟೇಕಿನಲ್ಲೂ ಎದೆ ಏರಿಳಿಯಿತು. "ಬಿಡಿ ಸಾರ್, ಅಕ್ಕ ಕತ್ತರಿಸ್ತಾಳೆ" ಅಂದು ಎದ್ದು ಹೋದ. ಚಿತ್ರೀಕರಣ ಮುಗಿದ ವಾರದಲ್ಲೇ, ಇನ್ನೂ ಮೂವತ್ತರ ಆಸುಪಾಸಿನಲ್ಲಿ, ನಿದ್ದೆಯಲ್ಲೇ ಅವನ ಹೃದಯ ನಿಂತುಹೋಯಿತು.

ಅಕ್ಕ ಎಡಿಟರ್, ಅವನ ಎಲ್ಲ ಚಿತ್ರಗಳಿಗೂ ಕತ್ತರಿ ಆಡಿಸಿದವಳು. ಊರೆಲ್ಲ ಬಾಯಿ ಬಡಿದುಕೊಂಡು ಅತ್ತರೂ ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕಲ್ಲು ಮನಸ್ಸು ಅಂದರು ನೆಂಟರು. ಅನ್ನಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ಕಾಲಿಗೆ ಜೋಮು ಹಿಡಿದ ಹಾಗೆ ಅವಳ ಮನಸ್ಸಿಗೇ ಜೋಮು ಹಿಡಿದಿತ್ತು.

ಉಸಿರು ಕಾಣುವ ಮುಂಚೆ ಶಾಟ್ ಕತ್ತರಿಸಬೇಕು, ಇದು ಹೊಸಬರಿಗೂ ಗೊತ್ತಿರುವ ಪಾಠ. ಕತ್ತರಿಸಿದಳು. ಉಳಿದದ್ದು ಆಸ್ಪತ್ರೆಯ ಶವಾಗಾರದಲ್ಲಿ ನೋಡಿದ ಮುಖವೇ. ಮತ್ತೆ ಜೋಡಿಸಿದಳು. ಎದೆ ಏರಿತು, ಇಳಿಯಿತು.

"ಹೆಣ ಉಸಿರಾಡ್ತಿದೆಯಲ್ಲಮ್ಮ," ಎಂದರು ನಿರ್ದೇಶಕರು. "ಜನ ನಗ್ತಾರೆ."

"ನಗಲಿ."

"ಅವನ ಕೊನೇ ಸಿನಿಮಾ ಇದು."

"ಅದಕ್ಕೇ ಹೇಳಿದ್ದು. ಇನ್ನೊಂದು ಸಲ ಅವನನ್ನ ಸಾಯಿಸೋಕೆ ನನ್ನ ಕೈಲಾಗಲ್ಲ. ಬೇರೆ ಯಾರ ಹತ್ರಾನಾದ್ರೂ ಮಾಡಿಸ್ಕೊಳ್ಳಿ."

ನಿರ್ದೇಶಕರು ಬೇರೆ ಯಾರನ್ನೂ ಕರೆಸಲಿಲ್ಲ. ಉಸಿರು ಉಳಿಯಿತು.

ಬಿಡುಗಡೆಯ ದಿನ ಅಮ್ಮನನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಎದೆ ಏರಿಳಿದಾಗ ಯಾರೂ ನಗಲಿಲ್ಲ. "ಬದುಕಿದಾನೆ ಕಣ್ರೋ!" ಎಂದು ಮುಂದೆ ಯಾರೋ ಕೂಗಿದ್ದೇ ತಡ, ಶಿಳ್ಳೆಗೆ ಚಾವಣಿ ಹಾರಿಹೋಗುವಂತಾಯಿತು. ಹೆಸರುಗಳೆಲ್ಲ ಉರುಳಿ ಮುಗಿದವು, ದೀಪ ಹತ್ತಿತು. ಒಬ್ಬರೂ ಏಳಲಿಲ್ಲ. ಬಿದ್ದಾಗಲೆಲ್ಲ ಎದ್ದು ಬಂದವನು ಅವನು, ಈಗಲೂ ಬರಬೇಕು ತಾನೇ. ಗುಡಿಸುವವರು ಪೊರಕೆ ಹಿಡಿದು ಬಾಗಿಲಲ್ಲಿ ಬಂದು ನಿಂತ ಮೇಲೆ ಜನ ಒಬ್ಬೊಬ್ಬರಾಗಿ ಕರಗಿದರು.

"ಏಳಮ್ಮ, ಮುಗೀತು," ಎಂದಳು ಅಕ್ಕ.

ಅಮ್ಮ ಬಿಳಿ ತೆರೆಯಿಂದ ಕಣ್ಣು ಕೀಳಲಿಲ್ಲ. "ಸ್ವಲ್ಪ ಇರೇ. ಉಸಿರಾಡ್ತಿದ್ದ, ನೀನೂ ನೋಡಿದ್ಯಲ್ಲ."

"ಅದು ನಾನು ಕತ್ತರಿಸದೆ ಬಿಟ್ಟಿದ್ದಮ್ಮ," ಎಂದಳು ಅಕ್ಕ. ಅಮ್ಮ ಇನ್ನೂ ಕಾಯುತ್ತಲೇ ಇದ್ದಳು. "ಅವನು ಸತ್ತುಹೋದ."

ಆ ಮಾತನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅಮ್ಮನ ಪಕ್ಕದಲ್ಲೇ ಮತ್ತೆ ಕೂತುಬಿಟ್ಟಳು.