ಚೀಟಿ ತೋರಿಸಿ ಅಂಗಿ ತಗೊಳ್ಳಿ

ಕಾಜಾ ಎರಡು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅಕ್ಕನ ಅಂಗಿಯ ಬದಿಯನ್ನು ಒಳಗೆ ಮಡಚಿ ಹೊಲಿಯುತ್ತಿದ್ದಳು. ಅಕ್ಕ ಸತ್ತು ಐದು ಗಂಟೆಯಾಗಿತ್ತು. ತಾನೇ ಹೊಲಿದುಕೊಂಡ ಅಂಗಿ ಈಗ ಅವಳ ಮೈಮೇಲೆ ಜೋಲಾಡುತ್ತಿತ್ತು. ಕ್ಯಾನ್ಸರು ಅಷ್ಟು ಸವೆಸಿತ್ತು. ಊರಿಗೆಲ್ಲ ಅಳತೆ ತಪ್ಪದೆ ಹೊಲಿದವಳನ್ನು ದೊಗಳೆ ಅಂಗಿಯಲ್ಲಿ ಕಳಿಸಿದರೆ ಎದ್ದು ಕೂತು ಬೈದಾಳು ಎಂದು ಎದುರುಮನೆಯ ಅಜ್ಜಿ ಹೇಳಿದಾಗ ಅಳುತ್ತಿದ್ದವರೂ ನಕ್ಕರು. ಅಕ್ಕನ ಮಗಳು ಮಾತ್ರ ನಗಲಿಲ್ಲ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಹೊಲಿಗೆ ಅಂಗಡಿಯ ಒಡತಿ. ಅಲ್ಲಿ ಹದಿನಾಲ್ಕು ವರ್ಷ ಗುಂಡಿಗೆ ಕಾಜಾ ಹಾಕಿದ್ದಕ್ಕೇ ಇವಳಿಗೆ ಆ ಹೆಸರು. ಅಕ್ಕನಿಗೆ ಎಚ್‌ಐವಿ ಇತ್ತೆಂದು ಬೀದಿಗೆಲ್ಲ ಗೊತ್ತು. ಬಾಯಿಬಿಟ್ಟು ಹೇಳಿದವಳು ಅವಳೇ. ಮಗಳಿಗೆ ಅದು ಹುಟ್ಟಿನಿಂದಲೇ ಬಂದಿತ್ತು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೆ ಗರ್ಭಕೋಶದ ತಪಾಸಣೆ ಎಂದರೆ ಎದ್ದು ಹೋಗಿಬಿಡುತ್ತಿದ್ದಳು.

"ಅಮ್ಮನಿಗೆ ನೋಡಿಸಿದ್ದಕ್ಕೇ ತಾನೆ ಸಿಕ್ಕಿದ್ದು? ನೋಡ್ದೇ ಇದ್ರೆ ಆಯ್ತಪ್ಪ," ಎನ್ನುತ್ತಿದ್ದಳು.

ಕೊನೆಯ ವಾರದಲ್ಲಿ ಅಕ್ಕ ಕಾಜಾಳಿಗೆ ಒಪ್ಪಿಸಿದ್ದು ಅಂಗಡಿಯನ್ನಲ್ಲ, ಮಗಳನ್ನು ತಪಾಸಣೆಗೆ ಒಪ್ಪಿಸುವ ಈ ಒಂದು ಕೆಲಸವನ್ನು.

*

ಮೂರು ವರ್ಷದ ಹಿಂದೆ ಆಸ್ಪತ್ರೆಯಿಂದ ಬಂದ ಅಕ್ಕ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಎಚ್‌ಐವಿ ಇರುವ ಹೆಂಗಸರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರು ಬೇರೆಯವರಿಗಿಂತ ಹೆಚ್ಚಂತೆ. ಅದನ್ನು ತರುವ ಇನ್ನೊಂದು ವೈರಸ್ಸು ಉಳಿದವರಲ್ಲಿ ಸಾಮಾನ್ಯವಾಗಿ ತಾನಾಗಿ ಹೋಗುತ್ತದಂತೆ, ಇವರಲ್ಲಿ ತಳವೂರಿ ಕೂರುವುದೇ ಜಾಸ್ತಿಯಂತೆ. ಮೊದಲೇ ನೋಡಿಸಿದ್ದರೆ ತೆಗೆದುಬಿಡಬಹುದಿತ್ತಂತೆ.

"ರಕ್ತಕ್ಕೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟೆ ಕಣೇ," ಅಂದಳು ಅಕ್ಕ. "ಗರ್ಭಕೋಶವನ್ನ ಒಂದು ದಿನಾನೂ ವಿಚಾರಿಸ್ಲಿಲ್ಲ."

ಮರುದಿನವೇ ಗೋಡೆಗೆ ರಟ್ಟು ಹತ್ತಿತು: ತಪಾಸಣೆಯ ಚೀಟಿ ತೋರಿಸಿ, ಅಂಗಿ ತಗೊಳ್ಳಿ. ಕೆಲವರು ಉರಿದುಬಿದ್ದು ಬೇರೆ ದರ್ಜಿಯನ್ನು ಹುಡುಕಿಕೊಂಡರು. ಹೆಚ್ಚಿನವರು ಗೊಣಗುತ್ತಲೇ ಹೋಗಿ ಬಂದರು. ಕಾಜಾಳ ಅಂಗಿಯನ್ನೂ ಅಕ್ಕ ಮೂರು ತಿಂಗಳು ಕೊಡಲಿಲ್ಲ. ಸಿಟ್ಟಿಗೆ ಹೋದವಳಿಗೆ ಗರ್ಭಕೋಶದ ಬಾಯಲ್ಲಿ ಸಣ್ಣ ಕಲೆ ಸಿಕ್ಕಿತು. ಕಾಲು ಗಂಟೆಯಲ್ಲಿ ಸುಟ್ಟು ತೆಗೆದರು. ಅದೂ, ಅವಳ ರಕ್ತದ ವಿಷಯವೂ ಅಕ್ಕನೊಬ್ಬಳಿಗೇ ಗೊತ್ತಿತ್ತು.

*

ಮಣ್ಣು ಮುಗಿಸಿ ಹೆಂಗಸರು ವ್ಯಾನಿನಲ್ಲಿ ಹಿಂತಿರುಗುತ್ತಿದ್ದರು. ಮಗಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಈ ಹೊತ್ತು ತಪ್ಪಿದರೆ ಅವಳು ಗಂಡನ ಊರಿಗೆ ಹೋಗಿಬಿಡುತ್ತಾಳೆ, ಮತ್ತೆ ಕೈಗೆ ಸಿಗುವುದಿಲ್ಲ. ಸುತ್ತ ಅಷ್ಟೂ ಜನ ಗಿರಾಕಿಗಳು. ಕಾಜಾ ಅವಳ ಕಡೆ ತಿರುಗಿದಳು.

"ನಂಗೂ ಇದೆ," ಅಂದಳು. "ನಿಮ್ಮಮ್ಮನಿಗಿದ್ದದ್ದೇ, ಎಚ್‌ಐವಿ. ಹದಿಮೂರು ವರ್ಷದಿಂದ. ಒಳಗೆ ಕಲೆಯೂ ಇತ್ತು, ಬೇಗ ಸಿಕ್ತು, ತೆಗೆದ್ರು. ನಿಮ್ಮಮ್ಮ ಸತಾಯಿಸದೇ ಇದ್ದಿದ್ರೆ ಇವತ್ತು ಅವಳ ಅಂಗಿ ಹೊಲಿಯೋಕೆ ನಾನಿರ್ತಿರ್ಲಿಲ್ಲ. ಆ ಋಣ ತೀರಿಸೋಕೆ ಅವಳಿಲ್ಲ, ನೀನಿದ್ದೀಯ."

ಕಾಜಾ ತಲೆ ತಗ್ಗಿಸಿದಳು.

ಮಗಳು ಕಿಟಕಿಯಿಂದ ತಲೆಯೆತ್ತಿ ಕೇಳಿದಳು. "ನೋವಾಗುತ್ತಾ?"

"ನೋವು ಚೂರು. ನಾಚಿಕೆನೇ ಜಾಸ್ತಿ."

"ನೀನು ಬಾಗಿಲ ಹತ್ರ ಇರ್ತೀಯಾ, ಚಿಕ್ಕಮ್ಮ?"

ಚಾಲಕನಿಗೆ ಆಸ್ಪತ್ರೆಯ ಹತ್ತಿರ ನಿಲ್ಲಿಸಲು ಹೇಳಿದಾಗ ಯಾರಿಗೋ ತಲೆ ಸುತ್ತಿತೆಂದು ಅವನು ಗಾಬರಿಯಾದ. ಸಾವಿಗೆ ಹೋದ ಬಟ್ಟೆಯಲ್ಲೇ ಎಲ್ಲರೂ ಇಳಿದರು. ನರ್ಸು ಕರೆದಾಗ ಮಗಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಕಾಜಾ ಬಾಗಿಲೆದುರಿನ ಬೆಂಚಿನ ತುದಿಯಲ್ಲಿ, ಯಾರಿಗೂ ತಾಗದಂತೆ ಕೂತಳು.

"ಒತ್ಕೊಂಡು ಕೂತ್ಕೊಳ್ಳೇ," ಎಂದು ಅಜ್ಜಿ ಅವಳನ್ನು ನಡುವಿಗೆ ತಳ್ಳಿದಳು. ನಾಲ್ವರ ಬೆಂಚು ಅದು. ಆರು ಹೆಂಗಸರು ಭುಜಕ್ಕೆ ಭುಜ ತಾಗಿಸಿ, ಕಾಜಾಳನ್ನು ಮಧ್ಯೆ ಕೂರಿಸಿಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.